ಮುಖದಿಂದ ಐದಡಿ ದೂರದಲ್ಲಿ



ಕ್ಯಾಮೆರಾ ಕೊಂಡವರು ವರ್ಷ ತುಂಬುವುದರೊಳಗೆ ಇನ್ನೊಂದು ಲೆನ್ಸಿನ ಮಾತು ತೆಗೆಯುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಮನುಷ್ಯರ ಮುಖ. ಅಂಬೆಗಾಲಿಡುವ ಮಗು. ಎಂಬತ್ತು ದಾಟಿದ ಅಜ್ಜಿ. ಮದುವೆಯ ಹಿಂದಿನ ದಿನ ಅರಿಶಿನ ಹಚ್ಚಿಸಿಕೊಂಡು ಕೂತ ತಂಗಿ. ಅಂಗಡಿಗೆ ಹೋದರೆ ಗಾಜಿನ ಕೌಂಟರ್ ಮೇಲೆ ಮೂರು ಲೆನ್ಸ್ ಸಾಲಾಗಿ ಇಡುತ್ತಾರೆ. ಒಂದರ ಮೇಲೆ 1.8 ಎಂದು ಬರೆದಿದೆ. ಇನ್ನೊಂದರ ಮೇಲೆ 1.4. ಮೂರನೆಯದರ ಮೇಲೆ 1.2. ಅಂಕಿ ಇಳಿದ ಹಾಗೆಲ್ಲ ಬೆಲೆ ಏರುತ್ತದೆ. ಕೊಳ್ಳುವವರು ಅಲ್ಲೇ ಕೇಳುತ್ತಾರೆ: "ಈ ಮೂರರಲ್ಲಿ ಯಾವುದು ತಗೊಳ್ಳಲಿ?"

ಇದು ಕೇಳಬೇಕಾದ ಪ್ರಶ್ನೆಯೇ. ಆದರೆ ಸರದಿಯಲ್ಲಿ ಇದು ಎರಡನೆಯದು. ಇದಕ್ಕಿಂತ ಮುಂಚೆ ಇನ್ನೊಂದಿದೆ. ನೀವು ಆ ಮುಖದಿಂದ ಎಷ್ಟು ದೂರ ನಿಂತು ಚಿತ್ರ ತೆಗೆಯುತ್ತೀರಿ? ದೂರ ಗೊತ್ತಾದರೆ ಯಾವ ಲೆನ್ಸ್ ಎಂಬುದು ಗೊತ್ತಾಗುತ್ತದೆ. ಆಮೇಲೆ 1.8 ಸಾಕೋ, 1.4 ಬೇಕೋ ಎಂಬುದನ್ನು ತೀರ್ಮಾನಿಸುವುದು ಸುಲಭ. ಇವತ್ತಿನ ನನ್ನ ಮಾತೆಲ್ಲ ಈ ದೂರವನ್ನು ಕುರಿತದ್ದೇ.

ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ. ಅದಕ್ಕೆ ಕೂತಲ್ಲೇ ಎರಡು ಪ್ರಯೋಗ ಮಾಡೋಣ. ವಾಹನ ಓಡಿಸುತ್ತಾ ಕೇಳುತ್ತಿರುವವರು ಮನೆ ಮುಟ್ಟಿದ ಮೇಲೆ ಮಾಡಿ.

ಮೊದಲನೆಯದು. ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ನಿಮ್ಮ ಒಂದು ಕಣ್ಣು ಮುಚ್ಚಿ. ಅವರ ಮುಖಕ್ಕೆ ಒಂದು ಗೇಣಿನಷ್ಟು ಹತ್ತಿರ ಹೋಗಿ ನೋಡಿ. ಮೂಗು ದೊಡ್ಡದಾಗಿ ಮುಂದೆ ಬಂದಿರುತ್ತದೆ. ಕಿವಿಗಳು ಕೆನ್ನೆಯ ಹಿಂದೆ ಸರಿದು ಅರ್ಧ ಮರೆಯಾಗಿರುತ್ತವೆ. ಈಗ ಎದ್ದು ಐದಡಿ ಹಿಂದಕ್ಕೆ ಸರಿಯಿರಿ. ಕಿವಿಗಳು ಮತ್ತೆ ಕಾಣುತ್ತವೆ. ಮೂಗು ತನ್ನ ಅಳತೆಗೆ ಮರಳುತ್ತದೆ. ಮನುಷ್ಯರು ಅವರೇ, ಮುಖವೂ ಅದೇ. ಬದಲಾದದ್ದು ದೂರ ಒಂದೇ.

ಇದರ ಲೆಕ್ಕ ಸರಳ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ ಒಂದಡಿ ದೂರದಲ್ಲಿದ್ದರೆ ಕಿವಿಯ ಲೆಕ್ಕದಲ್ಲಿ ಮೂಗು ಶೇಕಡಾ 40ರಷ್ಟು ಹಿಗ್ಗಿ ಕಾಣುತ್ತದೆ. ಎರಡಡಿಗೆ ಸರಿದರೆ ಶೇಕಡಾ 20. ಐದಡಿಗೆ ಸರಿದರೆ 8. ಎಂಟಡಿಗೆ ಹೋದರೆ 5. ನೋಡಿ, ಮೊದಲ ಐದಡಿಯಲ್ಲಿ ಎಷ್ಟೊಂದು ವ್ಯತ್ಯಾಸ! ಅಲ್ಲಿಂದ ಮುಂದೆ ಎಷ್ಟು ಹಿಂದೆ ಸರಿದರೂ ಹೆಚ್ಚು ಬದಲಾಗುವುದಿಲ್ಲ. ಕೈ ಚಾಚಿ ಮೊಬೈಲಿನಲ್ಲಿ ನಮ್ಮದೇ ಚಿತ್ರ ತೆಗೆದುಕೊಂಡಾಗ "ನಾನು ಹೀಗಿದ್ದೇನೆಯೇ" ಅನಿಸುತ್ತದಲ್ಲ, ಅದಕ್ಕೆ ಕಾರಣ ಆ ಎರಡಡಿ. ಎದುರಿಗೆ ಕೂತು ಮಾತಾಡುವವರು ನಮ್ಮನ್ನು ನೋಡುವುದು ನಾಲ್ಕೈದು ಅಡಿಯಿಂದ. ಆ ದೂರದಿಂದ ತೆಗೆದ ಮುಖವನ್ನು ಮನೆಯವರು ಕೂಡಲೇ ಒಪ್ಪುತ್ತಾರೆ.

85 ಎಂಎಂ ಲೆನ್ಸ್ ಮುಖಕ್ಕೆ ಚೆಂದ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಹಾಕಿಕೊಂಡವರು ತಲೆ, ಭುಜ ಹಿಡಿಸಲು ಐದಡಿಯಾದರೂ ಹಿಂದೆ ನಿಲ್ಲಲೇಬೇಕಾಗುತ್ತದೆ. ಮುಖ ಚೆಂದ ಬರುವುದು ಆ ಐದಡಿಯಿಂದ.

ಎರಡನೆಯ ಪ್ರಯೋಗ. ಒಂದು ಕಣ್ಣು ಮುಚ್ಚಿ. ಹೆಬ್ಬೆರಳನ್ನು ಒಂದು ಮೊಳ ದೂರದಲ್ಲಿ ಹಿಡಿಯಿರಿ. ಅದರ ಹಿಂದೆ ಗೋಡೆಯ ಕ್ಯಾಲೆಂಡರ್ ಬರಲಿ. ಉಗುರನ್ನೇ ದಿಟ್ಟಿಸಿ. ಕ್ಯಾಲೆಂಡರಿನ ಅಂಕಿಗಳು ಕಲಸಿಹೋಗುತ್ತವೆ. ಕ್ಯಾಲೆಂಡರ್ ನೋಡಿ. ಉಗುರು ಮಸುಕಾಗುತ್ತದೆ. ಲೆನ್ಸ್ ಮಾಡುವುದೂ ಇದನ್ನೇ. ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗುತ್ತದೆ, ಬಿಸಿಲಿನಲ್ಲಿ ಕುಗ್ಗುತ್ತದೆ. ಲೆನ್ಸಿನ ಒಳಗೂ ಹೀಗೆ ಹಿಗ್ಗಿ ಕುಗ್ಗುವ ಒಂದು ರಂಧ್ರವಿದೆ. ಅದೇ ಅಪರ್ಚರ್. ಅದು ಹಿಗ್ಗಿದಷ್ಟೂ ಬೆಳಕು ಹೆಚ್ಚು ಒಳಬರುತ್ತದೆ. ಜೊತೆಗೆ ಹಿಂದಿನದೂ ಮುಂದಿನದೂ ಹೆಚ್ಚು ಮಸುಕಾಗುತ್ತದೆ. ಈ ಎರಡೂ ಒಟ್ಟಿಗೇ ಬರುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗುವುದಿಲ್ಲ.

ಇಲ್ಲಿಯವರೆಗೆ ಎರಡು ವಿಷಯ ಹೇಳಿದೆ. ಮುಖದ ಆಕಾರ ನಿರ್ಧಾರವಾಗುವುದು ದೂರದಿಂದ. ಬೆಳಕು ಮತ್ತು ಮಸುಕು ನಿರ್ಧಾರವಾಗುವುದು ಅಪರ್ಚರಿನಿಂದ. ಈಗ ಲೆನ್ಸಿನ ಮೇಲಿನ ಅಂಕಿಗೆ ಬರೋಣ.

ಆ 1.8 ಒಂದು ಭಾಗಾಕಾರದ ಉತ್ತರ. ಲೆನ್ಸಿನ ಫೋಕಲ್ ಲೆಂತನ್ನು, ಅಂದರೆ 50, 85 ಎಂಬ ಎಂಎಂ ಅಂಕಿಯನ್ನು, ರಂಧ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ. 50 ಎಂಎಂ ಲೆನ್ಸಿನಲ್ಲಿ 1.8 ಎಂದರೆ ರಂಧ್ರ ಸುಮಾರು 28 ಮಿಲಿಮೀಟರ್, ಒಂದಂಗುಲಕ್ಕಿಂತ ಸ್ವಲ್ಪ ಹೆಚ್ಚು. 85 ಎಂಎಂ ಲೆನ್ಸಿನಲ್ಲಿ ಅದೇ 1.8 ಎಂದರೆ 47 ಮಿಲಿಮೀಟರ್, ಹತ್ತಿರ ಹತ್ತಿರ ಎರಡಂಗುಲ. ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಇಂಥ ದೊಡ್ಡ ರಂಧ್ರದ ಲೆನ್ಸನ್ನೇ ಫಾಸ್ಟ್ ಲೆನ್ಸ್ ಎನ್ನುತ್ತಾರೆ. ಬೆಳಕು ಹೆಚ್ಚು ಬರುವುದರಿಂದ ಶಟರ್ ಬೇಗ ಮುಚ್ಚಬಹುದು. ಪ್ರೈಮ್ ಎಂದರೆ ಜೂಮ್ ಇಲ್ಲದ್ದು. ಹತ್ತಿರ ಬೇಕಾದರೆ ನಾವೇ ನಡೆದು ಹೋಗಬೇಕು.

ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದರ ಅಪರ್ಚರ್ ಸಾಮಾನ್ಯವಾಗಿ 5.6ಕ್ಕೆ ನಿಲ್ಲುತ್ತದೆ. 1.8ರ ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ತರುತ್ತದೆ. ಸಂಜೆ ಆರು ಗಂಟೆಗೆ ನಡುಮನೆಯ ಕಿಟಕಿಯ ಪಕ್ಕ ಮಗು ಕೂತಿದೆ ಎನ್ನಿ. ಕಿಟ್ ಲೆನ್ಸಿಗೆ ಸೆಕೆಂಡಿನ ಹದಿನೈದನೇ ಒಂದು ಭಾಗ ಬೇಕಾದಲ್ಲಿ ಇದಕ್ಕೆ ನೂರೈವತ್ತನೇ ಒಂದು ಭಾಗ ಸಾಕು. ಹದಿನೈದನೇ ಒಂದರಲ್ಲಿ ಮಗುವಿನ ಮುಖ ಅಲುಗಿಹೋಗುತ್ತದೆ. ನೂರೈವತ್ತನೇ ಒಂದರಲ್ಲಿ ನಿಲ್ಲುತ್ತದೆ. ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲೇ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಫಾಸ್ಟ್ ಲೆನ್ಸ್ ಕೊಳ್ಳಲು ಇದೇ ಮೊದಲ ಕಾರಣ. ಹಿನ್ನೆಲೆ ಮಸುಕಾಗುವುದು ಎರಡನೆಯದು.

ಚರಿತ್ರೆಯೂ ಹೀಗೇ ಇದೆ. ದೊಡ್ಡ ರಂಧ್ರದ ಲೆನ್ಸ್ ಹುಟ್ಟಿದ್ದು ಮುಖಕ್ಕಾಗಿ, ಬೆಳಕಿಗಾಗಿ. ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1839ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಗೇರ್ ಅವರ ಛಾಯಾಗ್ರಹಣ ವಿಧಾನ ಲೋಕಕ್ಕೆ ಬಹಿರಂಗವಾಯಿತು. ಬೆಳ್ಳಿ ಲೇಪದ ತಗಡಿನ ಮೇಲೆ ಚಿತ್ರ ಮೂಡುತ್ತಿತ್ತು. ಕಟ್ಟಡಗಳು, ಬೀದಿಗಳು, ಪ್ರತಿಮೆಗಳು ಸೊಗಸಾಗಿ ಬರುತ್ತಿದ್ದವು. ಮನುಷ್ಯರು ಬರುತ್ತಿರಲಿಲ್ಲ. ಆಗಿನ ಲೆನ್ಸಿನ ಅಪರ್ಚರ್ ಈಗಿನ ಲೆಕ್ಕದಲ್ಲಿ 15 ಅಥವಾ 16. ಒಂದು ಚಿತ್ರಕ್ಕೆ ಬಿಸಿಲಿನಲ್ಲೂ ಹಲವು ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತು ಯಾರು ರೆಪ್ಪೆ ಬಡಿಯದೆ ಕೂತಾರು? ಕೂತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಇಕ್ಕಳದಲ್ಲಿ ಹಿಡಿದಿಡುವ ಪದ್ಧತಿಯೂ ಬಂತು.

ಆಗ ವಿಯೆನ್ನಾದ ವಿಶ್ವವಿದ್ಯಾಲಯದಲ್ಲಿ ಯೋಸೆಫ್ ಪೆಟ್ಸ್‌ವಾಲ್ ಎಂಬ ಗಣಿತದ ಪ್ರಾಧ್ಯಾಪಕರಿದ್ದರು. ವಯಸ್ಸು ಮೂವತ್ತು ದಾಟಿತ್ತು ಅಷ್ಟೆ. ಹುಟ್ಟಿದ ಊರು ಇಂದಿನ ಸ್ಲೊವಾಕಿಯಾದಲ್ಲಿದೆ. ಅವರು ಲೆನ್ಸನ್ನು ಅಂದಾಜಿನಲ್ಲಿ ಉಜ್ಜಿ ನೋಡುವ ದಾರಿ ಬಿಟ್ಟು ಕಾಗದದ ಮೇಲೆ ಲೆಕ್ಕ ಹಾಕಲು ಕೂತರು. ಬೆಳಕಿನ ಒಂದೊಂದು ಕಿರಣವೂ ಗಾಜಿನ ಒಂದೊಂದು ಮೈಯಲ್ಲಿ ಎಷ್ಟು ಬಾಗುತ್ತದೆ ಎಂಬ ಲೆಕ್ಕ. ಅದು ಒಬ್ಬರ ಕೈಯಲ್ಲಿ ಮುಗಿಯುವಂಥದ್ದಲ್ಲ. ಆಸ್ಟ್ರಿಯಾದ ರಾಜಮನೆತನದ ಆರ್ಚ್‌ಡ್ಯೂಕ್ ಲುಡ್ವಿಗ್ ತಮ್ಮ ಫಿರಂಗಿ ಪಡೆಯಲ್ಲಿ ಲೆಕ್ಕ ಬಲ್ಲವರನ್ನು ಸಹಾಯಕ್ಕೆ ಕೊಟ್ಟರು. ಗುಂಡು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದವರು ಮುಖದ ಮೇಲಿನ ಬೆಳಕಿನ ಲೆಕ್ಕ ಹಾಕಿದರು. ನನಗೆ ಈ ಸಂಗತಿ ನೆನೆದಾಗಲೆಲ್ಲ ಸಂತೋಷವಾಗುತ್ತದೆ.

1840ರಲ್ಲಿ ಲೆನ್ಸ್ ಸಿದ್ಧವಾಯಿತು. ಅದೇ ವಿಯೆನ್ನಾದ ಫೋಕ್ಟ್‌ಲೆಂಡರ್ ಕಾರ್ಖಾನೆ ಅದನ್ನು ತಯಾರಿಸಿತು. ಅಪರ್ಚರ್ ಸುಮಾರು 3.6. ಹಳೆಯ ಲೆನ್ಸಿಗಿಂತ ಹೆಚ್ಚುಕಡಿಮೆ ಇಪ್ಪತ್ತು ಪಟ್ಟು ಬೆಳಕು. ನಿಮಿಷಗಟ್ಟಲೆ ಕೂರಬೇಕಾದವರು ಈಗ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಕೂತರೆ ಸಾಕಾಯಿತು. ಮುಖ ತೆಗೆದುಕೊಡುವ ಸ್ಟುಡಿಯೊಗಳು ಊರೂರಲ್ಲಿ ಹುಟ್ಟಿಕೊಂಡವು. ಪೆಟ್ಸ್‌ವಾಲ್ ಲೆನ್ಸಿಗೆ ಒಂದು ಕೊರತೆ ಇತ್ತು. ಚಿತ್ರದ ನಡುಭಾಗ ಚೂಪಾಗಿ ಬರುತ್ತಿತ್ತು, ಅಂಚುಗಳು ಕರಗಿದಂತೆ ಕಾಣುತ್ತಿದ್ದವು. ಕಟ್ಟಡದ ಚಿತ್ರಕ್ಕೆ ಅದು ದೋಷ. ಆದರೆ ಮುಖ ಇರುವುದು ಚಿತ್ರದ ನಡುವೆ. ನೋಡುವವರ ದೃಷ್ಟಿ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಈ ಬಗೆಯ ಲೆನ್ಸನ್ನು ಕೈಗೆತ್ತಿಕೊಂಡವರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಒಬ್ಬರು. 1815ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದವರು. ನಲವತ್ತೆಂಟನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿದ್ದಾಗ, ಮಗಳೂ ಅಳಿಯನೂ ಅವರಿಗೊಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಕೆ ಕವಿ ಟೆನಿಸನ್, ವಿಜ್ಞಾನಿ ಹರ್ಷೆಲ್, ಡಾರ್ವಿನ್ ಅವರ ಮುಖಗಳನ್ನು ತೆಗೆದರು. ಚಿತ್ರ ಚೂಪಾಗಿಲ್ಲ ಎಂದು ಆ ಕಾಲದ ಪಂಡಿತರು ಆಕ್ಷೇಪಿಸಿದರು. ಆಕೆ ಬದಲಾಯಿಸಲಿಲ್ಲ. ಕಣ್ಣಿಗೆ ಚೆಂದ ಕಂಡ ಕಡೆ ಫೋಕಸ್ ನಿಲ್ಲಿಸುತ್ತಿದ್ದರು. ಹತ್ತಿರದಿಂದ ತೆಗೆದ ಹರ್ಷೆಲ್ಲರ ಆ ಮುಖ, ಆ ಕೆದರಿದ ಬಿಳಿ ಕೂದಲು, ನೂರೈವತ್ತು ವರ್ಷ ಕಳೆದರೂ ನಮ್ಮೆದುರಿಗೇ ಇದ್ದಂತಿದೆ.

ಈಗ ನಮ್ಮ ಮನೆಗೆ ಮರಳೋಣ. ಹೇಳಿದ್ದನ್ನು ಒಮ್ಮೆ ನೆನೆಸಿಕೊಳ್ಳಿ. ಮುಖಕ್ಕೆ ನಾಲ್ಕೈದು ಅಡಿ ದೂರ ಹಿತ. ಫಾಸ್ಟ್ ಲೆನ್ಸ್ ಬೇಕಾಗುವುದು ಮೊದಲು ಬೆಳಕಿಗೆ. ಹಾಗಾದರೆ ಐದಡಿ ದೂರ ನಿಲ್ಲಲು ಯಾವ ಲೆನ್ಸ್?

ಅದು ನಿಮ್ಮ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ. ಹೆಚ್ಚಿನವರ ಕೈಯಲ್ಲಿರುವುದು ಚಿಕ್ಕ ಸೆನ್ಸರಿನ ಕ್ರಾಪ್ ಕ್ಯಾಮೆರಾ. ಸ್ಟುಡಿಯೊದವರು, ಮದುವೆ ತೆಗೆಯುವವರು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಇಟ್ಟುಕೊಂಡಿರುತ್ತಾರೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದು ತಲೆಯಿಂದ ಎದೆಯವರೆಗೆ, ಅಂದರೆ ಎರಡಡಿ ಎತ್ತರದಷ್ಟು ತೆಗೆಯುತ್ತೀರಿ ಎನ್ನೋಣ. ಕ್ರಾಪ್ ಕ್ಯಾಮೆರಾದಲ್ಲಿ 35 ಎಂಎಂ ಹಾಕಿದರೆ ಮೂರಡಿಯಲ್ಲಿ ನಿಲ್ಲಬೇಕು. 50 ಎಂಎಂ ಹಾಕಿದರೆ ನಾಲ್ಕೂವರೆ ಅಡಿ. 85 ಹಾಕಿದರೆ ಏಳೂವರೆ ಅಡಿ. ಫುಲ್ ಫ್ರೇಮಿನಲ್ಲಿ ಇದೇ ಚಿತ್ರಕ್ಕೆ 50 ಆದರೆ ಮೂರಡಿ, 85 ಆದರೆ ಐದಡಿ, 135 ಆದರೆ ಎಂಟಡಿ.

ಈಗ ಕೋಣೆಯ ಅಳತೆ ನೋಡಿ. ನಗರದ ಬಾಡಿಗೆ ಮನೆಯ ಹಾಲ್ ಹತ್ತಡಿಗೆ ಹನ್ನೆರಡಡಿ ಇದ್ದರೆ ದೊಡ್ಡದು. ಅದರಲ್ಲಿ ದಿವಾನ ಇದೆ, ಟಿ.ವಿ. ಮೇಜಿದೆ. ಕೂರುವವರ ಬೆನ್ನ ಹಿಂದೆ ಎರಡಡಿ ಬಿಡಬೇಕು. ನೀವು ನಿಲ್ಲಲು ಒಂದೂವರೆ ಅಡಿ ಬೇಕು. ಉಳಿಯುವುದು ಏಳೆಂಟು ಅಡಿ. ಕ್ರಾಪ್ ಕ್ಯಾಮೆರಾಕ್ಕೆ 85 ಹಾಕಿದರೆ ತಲೆ, ಎದೆ ಹಿಡಿಸುವಷ್ಟರಲ್ಲಿ ನಿಮ್ಮ ಬೆನ್ನು ಗೋಡೆಗೆ ತಾಗುತ್ತದೆ. ಸೊಂಟದವರೆಗೆ ಬೇಕೆಂದರೆ ಹನ್ನೆರಡು ಅಡಿ. ನಿಂತವರು ಪಾದದವರೆಗೆ ಬೇಕೆಂದರೆ ಇಪ್ಪತ್ತನಾಲ್ಕು ಅಡಿ, ಬೀದಿಗೇ ಇಳಿಯಬೇಕು. ಅಂಥವರು ಆ ಲೆನ್ಸನ್ನು ನಾಲ್ಕು ದಿನ ಬಳಸಿ ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಲೆನ್ಸ್ ಒಳ್ಳೆಯದೇ. ಮನೆಗೆ ಹೊಂದಲಿಲ್ಲ ಅಷ್ಟೆ.

ಆದ್ದರಿಂದ ನನ್ನ ಸಲಹೆ ಇದು. ಕ್ರಾಪ್ ಕ್ಯಾಮೆರಾ ಇರುವವರು, ಮನೆಯೊಳಗೇ ಹೆಚ್ಚು ತೆಗೆಯುವವರು, 50 ಎಂಎಂ 1.8 ಕೊಳ್ಳಿ. ಬೇರೆ ಯೋಚನೆ ಬೇಡ. ಕ್ಯಾನನ್, ನಿಕಾನ್, ಸೋನಿ ಮೂವರೂ ಇದನ್ನು ಮಾಡುತ್ತಾರೆ. ಕ್ಯಾನನ್, ಸೋನಿ ಲೆನ್ಸುಗಳ ಪಟ್ಟಿಯಲ್ಲಿ ಬೆಲೆ ಕಡಿಮೆ ಇರುವವುಗಳಲ್ಲಿ ಇದೂ ಒಂದು. ಕ್ಯಾನನ್ನಿನ 50 ಎಂಎಂ ಎಸ್‌ಟಿಎಂ ಲೆನ್ಸಿನ ತೂಕ ಬರೀ 160 ಗ್ರಾಂ. ಫುಲ್ ಫ್ರೇಮ್ ಇರುವವರಿಗೆ, ಜಗಲಿ, ಅಂಗಳ, ತೋಟ ಇರುವವರಿಗೆ 85 ಎಂಎಂ 1.8. ಹಳ್ಳಿಯ ದೊಡ್ಡ ಮನೆಯವರು ಭಾಗ್ಯವಂತರು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಜಗಲಿಯ ನೆರಳಲ್ಲಿ ಕೂತವರ ಮುಖಕ್ಕೆ ಅಂಗಳದಿಂದ ಬಂದು ಬೀಳುವಂಥ ಮೆತ್ತಗಿನ ಬೆಳಕನ್ನು ಯಾವ ಸ್ಟುಡಿಯೊವೂ ಸುಲಭವಾಗಿ ಮಾಡಲಾರದು.

ನಾಲ್ಕೈದು ಅಡಿಗೆ ಇನ್ನೊಂದು ಗುಣವಿದೆ. ಆ ದೂರದಲ್ಲಿ ಮೆಲುದನಿಯಲ್ಲಿ ಮಾತಾಡಬಹುದು. ಹತ್ತು ಹನ್ನೆರಡು ಅಡಿಗೆ ಹೋದರೆ ದನಿ ಎತ್ತಬೇಕು. "ಅಜ್ಜಿ, ಈ ಕಡೆ ನೋಡಿ" ಎಂದು ಕೂಗಿದ ಕೂಡಲೇ ಅಜ್ಜಿಯ ಮುಖ ಬಿಗಿಯುತ್ತದೆ. ಹತ್ತಿರ ಕೂತು "ನಿಮ್ಮ ತವರೂರಲ್ಲಿ ಜಾತ್ರೆ ಯಾವಾಗ ಅಜ್ಜಿ?" ಎಂದು ಕೇಳಿ. ಅವರು ಹೇಳತೊಡಗುತ್ತಾರೆ. ಕೈ ಆಡಿಸುತ್ತಾರೆ. ಕಣ್ಣಲ್ಲಿ ಏನೋ ಬರುತ್ತದೆ. ಚಿತ್ರ ಅಲ್ಲಿದೆ. ಮುಖ ತೆಗೆಯುವ ಲೆನ್ಸ್ ಮಾತಿನ ದೂರದಲ್ಲಿ ಕೆಲಸ ಮಾಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ದೂರದ ಪ್ರಶ್ನೆ ಮುಗಿಯಿತು. ಲೆನ್ಸ್ 50 ಅಥವಾ 85 ಎಂದು ಗೊತ್ತಾಯಿತು. ಈಗ ಅಂಗಡಿಯ ಪ್ರಶ್ನೆ. 1.8, 1.4, 1.2. ಯಾವುದು?

ಮೊದಲು ಬೆಳಕಿನ ಲೆಕ್ಕ. 1.8ಕ್ಕಿಂತ 1.4 ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಬೆಳಕು ಕೊಡುತ್ತದೆ. 1.2 ಎರಡೂಕಾಲು ಪಟ್ಟು ಕೊಡುತ್ತದೆ. ಕಿಟ್ ಲೆನ್ಸಿನಿಂದ 1.8ಕ್ಕೆ ಬಂದಾಗ ಸಿಕ್ಕಿದ್ದು ಹತ್ತು ಪಟ್ಟು. ಅಲ್ಲಿಂದ ಮುಂದೆ ಸಿಗುವುದು ಇಷ್ಟೇ. ಈಗಿನ ಕ್ಯಾಮೆರಾಗಳಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸಂವೇದನೆ, ಒಂದು ಮೆಟ್ಟಿಲು ಏರಿಸಿದರೆ ಆ ಎರಡು ಪಟ್ಟಿನ ಕೊರತೆ ತುಂಬಿಹೋಗುತ್ತದೆ. ಬೆಲೆಯ ಲೆಕ್ಕ ನೋಡಿ. 50 ಎಂಎಂ 1.8ರಲ್ಲಿ ಅಗ್ಗದವು ಹತ್ತಿಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ದೊಡ್ಡ ಕಂಪನಿಗಳ 85 ಎಂಎಂ 1.2 ಲಕ್ಷ ದಾಟುತ್ತದೆ, ತೂಕ ಕಿಲೋ ದಾಟುತ್ತದೆ. ಅರ್ಧ ಗಂಟೆ ಎತ್ತಿ ಹಿಡಿದರೆ ಮಣಿಕಟ್ಟು ನೋಯುತ್ತದೆ.

ಇನ್ನು ಮಸುಕಿನ ಲೆಕ್ಕ. ಇದನ್ನು ಗಮನವಿಟ್ಟು ಕೇಳಿ. ಫುಲ್ ಫ್ರೇಮ್ ಕ್ಯಾಮೆರಾ, 85 ಎಂಎಂ, ಐದಡಿ ದೂರ. ಅಪರ್ಚರ್ 1.4ರಲ್ಲಿ ಚೂಪಾಗಿ ಬರುವ ಪದರದ ದಪ್ಪ ಸುಮಾರು ಎರಡೂವರೆ ಸೆಂಟಿಮೀಟರ್. ಅಂದರೆ ಒಂದಂಗುಲ. 1.8ರಲ್ಲಿ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. 2.8ರಲ್ಲಿ ಐದು. 4ರಲ್ಲಿ ಏಳೂವರೆ. 5.6ರಲ್ಲಿ ಹತ್ತು.

ಈಗ ಆ ಅಜ್ಜಿಯನ್ನೇ ಕೂರಿಸಿ. ಮೂಗುತಿ ಇದೆ. ಕಿವಿಯಲ್ಲಿ ಓಲೆ ಇದೆ, ಮೇಲೆ ಬುಗುಡಿ ಇದೆ. ನೀವು ಕಣ್ಣಿಗೆ ಫೋಕಸ್ ಮಾಡಿದಿರಿ. ಮೂಗುತಿ ಕಣ್ಣಿಗಿಂತ ಎರಡು ಮೂರು ಸೆಂಟಿಮೀಟರ್ ಮುಂದಿದೆ. ಕಿವಿ ಎಂಟು ಒಂಬತ್ತು ಸೆಂಟಿಮೀಟರ್ ಹಿಂದಿದೆ. 1.4ರಲ್ಲಿ ಕಣ್ಣು ಮಾತ್ರ ಚೂಪಾಗಿ ಬರುತ್ತದೆ. ಮೂಗುತಿಯ ಹರಳು ಒಂದು ಬೆಳಕಿನ ಚುಕ್ಕೆಯಾಗಿ ಹರಡುತ್ತದೆ. ಓಲೆಯ ಕೆತ್ತನೆ ಕಾಣುವುದೇ ಇಲ್ಲ. ಆ ಅಜ್ಜಿಗೆ ಆ ಓಲೆ ತಾಯಿಯಿಂದ ಬಂದದ್ದು. ಚಿತ್ರ ನೋಡುವ ಮೊಮ್ಮಕ್ಕಳಿಗೆ ಅದು ಬೇಕು. ಇಂಥ ಮುಖಕ್ಕೆ ಅಪರ್ಚರನ್ನು 5.6ಕ್ಕಾದರೂ ಕುಗ್ಗಿಸಿ. 1.2ರ ಲೆನ್ಸ್ ಕೊಂಡಿದ್ದರೂ ಅಲ್ಲಿ ನೀವು 5.6ರಲ್ಲೇ ತೆಗೆಯುತ್ತೀರಿ. ಅಂದಮೇಲೆ ಅಷ್ಟು ಹಣ ಏಕೆ?

ಅಂಚಿನ ಮಾತೂ ಇದೆ. ತುಂಬ ತೆರೆದ ಅಪರ್ಚರಿನಲ್ಲಿ ಎಷ್ಟೋ ಲೆನ್ಸುಗಳು ಹೊಳೆಯುವ ಅಂಚಿನ ಸುತ್ತ ನೇರಳೆ, ಹಸಿರು ಬಣ್ಣ ತರುತ್ತವೆ. ರೇಷ್ಮೆ ಸೀರೆಯ ಜರಿ, ಮುಡಿದ ಮಲ್ಲಿಗೆ, ಬಿಳಿ ಶರ್ಟಿನ ಕಾಲರ್ ಇವುಗಳ ಮೇಲೆ ಅದು ಎದ್ದು ಕಾಣುತ್ತದೆ. ಅಪರ್ಚರನ್ನು ಒಂದೆರಡು ಮೆಟ್ಟಿಲು ಕುಗ್ಗಿಸಿದರೆ ಹೆಚ್ಚಿನಂಶ ಹೋಗುತ್ತದೆ.

ಕ್ರಾಪ್ ಕ್ಯಾಮೆರಾದವರಿಗೆ ಒಂದು ಅನುಕೂಲ. 50 ಎಂಎಂ 1.8ನ್ನು ನಾಲ್ಕೂವರೆ ಅಡಿಯಲ್ಲಿ ಪೂರ್ತಿ ತೆರೆದರೂ ಪದರ ಐದು ಸೆಂಟಿಮೀಟರ್ ಇರುತ್ತದೆ. ಕಲಿಯುವವರಿಗೆ ಇದು ಹೆಚ್ಚು ಕ್ಷಮಿಸುವ ಅಳತೆ.

ಅತಿಯಾಗಿ ತೆರೆದ ಲೆನ್ಸಿಗೆ ಬೆಲೆ ತೆರುವುದು ಹೇಗಿರುತ್ತದೆ ಎಂಬುದಕ್ಕೆ ಸಿನಿಮಾದಿಂದ ಒಂದು ಉದಾಹರಣೆ. ಸ್ಟ್ಯಾನ್ಲಿ ಕುಬ್ರಿಕ್ ಅವರ 'ಬ್ಯಾರಿ ಲಿಂಡನ್' 1975ರಲ್ಲಿ ಬಂತು. ಅದರಲ್ಲಿ ಮೇಣದ ಬತ್ತಿಯ ಬೆಳಕಿನಲ್ಲೇ ತೆಗೆದ ದೃಶ್ಯಗಳಿವೆ. ಬಳಸಿದ್ದು ಜೈಸ್ ಕಂಪನಿ ನಾಸಾಕ್ಕಾಗಿ ಮಾಡಿದ್ದ 50 ಎಂಎಂ 0.7 ಲೆನ್ಸ್. ಬೆಳಕು ಬಂತು. ಆದರೆ ಪದರ ಎಷ್ಟು ತೆಳುವೆಂದರೆ ನಟರು ಮುಂದಕ್ಕೆ ಹಿಂದಕ್ಕೆ ಬಾಗುವಂತಿರಲಿಲ್ಲ. ದೂರ ತಪ್ಪದಂತೆ ನೋಡಿಕೊಳ್ಳಲು ಪಕ್ಕದಿಂದ ಇನ್ನೊಂದು ವಿಡಿಯೊ ಕ್ಯಾಮೆರಾ ಇಟ್ಟಿದ್ದರು. ಆ ದೃಶ್ಯಗಳ ನಿಶ್ಚಲತೆ ಆ ಚಿತ್ರಕ್ಕೆ ಒಪ್ಪಿತು. ನಮ್ಮ ಮನೆಯ ಮಗುವಿಗೆ ಒಪ್ಪುವುದಿಲ್ಲ.

ಇನ್ನೊಂದು ಉದಾಹರಣೆ ಎದುರು ದಿಕ್ಕಿನದು. ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಸ್ಟೀವ್ ಮೆಕರಿ 1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ತೆಗೆದದ್ದು. ಮರುವರ್ಷ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟಕ್ಕೆ ಬಂತು. ಆ ಲೆನ್ಸ್ ನಿಕಾನಿನ 105 ಎಂಎಂ, ಅಪರ್ಚರ್ 2.5. ಇವತ್ತಿನ ಅಂಗಡಿಯಲ್ಲಿ 2.5 ಎಂದರೆ ಅದಕ್ಕೆ ಯಾರೂ ಬೆರಗಾಗುವುದಿಲ್ಲ. ಆ ಕಣ್ಣುಗಳಿಗೆ ಅಷ್ಟು ಸಾಕಾಯಿತು.

ಹಾಗಾದರೆ 1.4, 1.2 ಯಾರಿಗೂ ಬೇಡವೇ? ಬೇಕು. ಕಲ್ಯಾಣ ಮಂಟಪದ ಮಬ್ಬು ಬೆಳಕಿನಲ್ಲಿ ಫ್ಲ್ಯಾಶ್ ಹಾಕದೆ ವೃತ್ತಿ ಮಾಡುವವರಿಗೆ ಬೇಕು. ರಾತ್ರಿಯ ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವ ಮುಖಗಳನ್ನು ತೆಗೆಯುವವರಿಗೆ ಬೇಕು. ಅವರಿಗೆ ಒಂದೊಂದು ಹನಿ ಬೆಳಕೂ ಮುಖ್ಯ, ಹಾಕಿದ ಹಣ ದುಡಿಮೆಯಲ್ಲಿ ಮರಳುತ್ತದೆ. ಮನೆಮಂದಿಯನ್ನು ತೆಗೆಯುವವರಿಗೆ 1.8 ಸಾಕು. ಉಳಿದ ಹಣದಲ್ಲಿ ಆ ಮಂದಿಯ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಿ.

ಇಷ್ಟು ಕೇಳಿದ ಮೇಲೂ ನಿಮ್ಮಲ್ಲಿ ಕೆಲವರಿಗೆ ಹಿನ್ನೆಲೆಯ ಚಿಂತೆ ಇರುತ್ತದೆ. "1.8ರಲ್ಲಿ ಹಿಂದಿನದು ಪೂರ್ತಿ ಕರಗುತ್ತದೆಯೇ?" ಅದಕ್ಕೂ ದೂರವೇ ಉತ್ತರ. ಈ ಸಲ ಮನುಷ್ಯನಿಗೂ ಅವನ ಹಿಂದಿನ ಗೋಡೆಗೂ ನಡುವಿನ ದೂರ. ಗೋಡೆಗೆ ಒರಗಿ ಕೂತವರ ಹಿಂದೆ ಯಾವ ಲೆನ್ಸೂ ಗೋಡೆಯನ್ನು ಪೂರ್ತಿ ಕರಗಿಸಲಾರದು. ಅವರನ್ನು ಹತ್ತಡಿ ಮುಂದೆ ತನ್ನಿ. ಬಾಗಿಲ ಬಳಿ ಕೂರಿಸಿ, ಹಿಂದೆ ಉದ್ದನೆಯ ಹಜಾರ ಬರಲಿ. 1.8 ಧಾರಾಳವಾಗಿ ಕರಗಿಸುತ್ತದೆ. ಎಲೆಗಳ ಸಂದಿಯಿಂದ ಬಿಸಿಲು ಚುಚ್ಚುವ ಪೊದೆ ಹಿಂದಿದ್ದರೆ ಮಾತ್ರ ಜಾಗ ಬದಲಿಸಿ. ಅಂಥ ಹಿನ್ನೆಲೆ ಎಷ್ಟು ಮಸುಕಾದರೂ ಗಲಿಬಿಲಿಯಾಗಿಯೇ ಉಳಿಯುತ್ತದೆ.

ಎಲ್ಲವನ್ನೂ ಕರಗಿಸಲೇಬೇಕೆ ಎಂಬುದನ್ನೂ ಯೋಚಿಸಿ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪಿನ ಚಿತ್ರಗಳನ್ನು ಸಿಕ್ಕರೆ ನೋಡಿ. ಸಾಮಾನ್ಯ ಜನ, ಮಕ್ಕಳು, ಕೆಲಸದಲ್ಲಿರುವವರು. ಅವರ ಸುತ್ತಲಿನ ಬದುಕೂ ಚಿತ್ರದೊಳಗೇ ಇರುತ್ತದೆ. ಮಗ್ಗದ ಮುಂದೆ ಕೂತ ನೇಕಾರರ ಹಿಂದೆ ಮಗ್ಗ ಕಾಣದಿದ್ದರೆ ಅವರ ಅರ್ಧ ಮುಖವೇ ಹೋದಂತೆ. ಅಲ್ಲಿ 35 ಎಂಎಂ ಹಾಕಿ, ಅಪರ್ಚರ್ 5.6ಕ್ಕೆ ಕುಗ್ಗಿಸಿ, ಎರಡು ಹೆಜ್ಜೆ ಹಿಂದೆ ನಿಂತು ತೆಗೆಯಿರಿ.

ಸಮಯ ಹತ್ತಿರವಾಗುತ್ತಿದೆ. ಕೊಳ್ಳುವಾಗಿನ ಕೆಲವು ಎಚ್ಚರಿಕೆಗಳನ್ನು ಬೇಗ ಹೇಳುತ್ತೇನೆ. ದೂರ ನೋಡಿ ಲೆನ್ಸ್ ಆರಿಸಿದ್ದೀರಿ, ಅಪರ್ಚರ್ 1.8 ಎಂದು ತೀರ್ಮಾನಿಸಿದ್ದೀರಿ. ಹಳೆಯ ನಿಕಾನ್ 50 ಎಂಎಂ 1.8 ಡಿ ಎಂಬ ಲೆನ್ಸ್ ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆಗೆ ಸಿಗುತ್ತದೆ. ಅದರೊಳಗೆ ಮೋಟಾರ್ ಇಲ್ಲ. ಡಿ 3000, ಡಿ 5000 ಸರಣಿಯ ಕ್ಯಾಮೆರಾಗಳಲ್ಲಿ ಅದು ತಾನಾಗಿ ಫೋಕಸ್ ಆಗುವುದಿಲ್ಲ. ಅಂಥ ಕ್ಯಾಮೆರಾ ಇರುವವರು ಹೆಸರಿನ ಕೊನೆಗೆ ಜಿ ಎಂದಿರುವ ಎಎಫ್-ಎಸ್ ಲೆನ್ಸನ್ನೇ ಕೇಳಿ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ಕಡೆಯಿಂದ ಬಂದ ಹಳೆಯ ಲೆನ್ಸಾದರೆ ಒಳಗೆ ಫಂಗಸ್ ಇದೆಯೇ ನೋಡಿ. ಟಾರ್ಚಿನ ಬೆಳಕನ್ನು ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ಇಣುಕಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಬಿಟ್ಟುಬಿಡಿ. ಕರಾವಳಿಯ ಮಿತ್ರರು ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಕೊಳ್ಳುವ ಮುಂಚೆ ಒಂದು ವಾರ ಹೀಗೆ ಮಾಡಿ. ಕಿಟ್ ಲೆನ್ಸಿನ ಜೂಮ್ ರಿಂಗನ್ನು 50ಕ್ಕೆ ತಿರುಗಿಸಿ ಅಂಟುಪಟ್ಟಿ ಹಚ್ಚಿಬಿಡಿ. ಮನೆಯವರನ್ನು ಅದರಲ್ಲೇ ತೆಗೆಯಿರಿ. ನಿಮ್ಮ ಕಾಲು ಎಲ್ಲಿ ಹೋಗಿ ನಿಲ್ಲುತ್ತದೆ ಗಮನಿಸಿ. ಸದಾ ಗೋಡೆಗೆ ತಾಗುತ್ತಿದ್ದರೆ ನಿಮಗೆ 35 ಬೇಕು. ಸದಾ ಮುಂದಕ್ಕೆ ನುಗ್ಗುತ್ತಿದ್ದರೆ 85 ಯೋಚಿಸಬಹುದು. ಎರಡೂ ಇಲ್ಲದಿದ್ದರೆ 50 ನಿಮ್ಮದು.

ಆಮೇಲೆ ನಿಮ್ಮ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಲೆನ್ಸ್ ಹಾಕಿಸಿಕೊಳ್ಳಿ. ಜೊತೆಗೆ ಬಂದವರನ್ನು ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ. ಐದಡಿ ಹಿಂದೆ ಸರಿದು, ಅಪರ್ಚರ್ 1.8ಕ್ಕೆ ತೆರೆದು, ನಿಮಗೆ ಹತ್ತಿರವಿರುವ ಕಣ್ಣಿಗೆ ಫೋಕಸ್ ಮಾಡಿ ಹತ್ತಾರು ಚಿತ್ರ ತೆಗೆಯಿರಿ. ಹಿಂದಿನ ಪರದೆಯಲ್ಲಿ ಒಂದೊಂದನ್ನೂ ಹಿಗ್ಗಿಸಿ ರೆಪ್ಪೆಯ ಕೂದಲು ನೋಡಿ. ಹೆಚ್ಚಿನವುಗಳಲ್ಲಿ ಕೂದಲು ಬಿಡಿಬಿಡಿಯಾಗಿ ಕಂಡರೆ ಬಿಲ್ ಹಾಕಿಸಿ. ಕಣ್ಣು ಬಿಟ್ಟು ಕಿವಿ ಚೂಪಾಗಿ ಬಂದಿದ್ದರೆ ಇನ್ನೊಂದು ಪೀಸ್ ತೆಗೆಸಿ ನೋಡಿ.